ಬೆಟ್ಟ ಎಲ್ಲರದು, ಚಿತ್ರ ಯಾರದು?

ಬೆಂಗಳೂರು ಬಿಟ್ಟು ಪಶ್ಚಿಮಕ್ಕೋ ತೆಂಕಣಕ್ಕೋ ಒಂದೂವರೆ ಗಂಟೆ ಬಸ್ಸಿನಲ್ಲಿ ಕುಳಿತರೆ ಸಾಕು, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಇವುಗಳಲ್ಲಿ ಒಂದು ಊರು ಸಿಗುತ್ತದೆ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ರಾಮನಗರ ಜಿಲ್ಲೆ ಮಾಡಿದರು. 2025ರಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಬಂತು. ಹೆಸರು ಏನೇ ಆಗಲಿ, ಬಂಡೆ, ರೇಷ್ಮೆ, ಗೊಂಬೆ, ಹೊಳೆ ನಾಲ್ಕೂ ಇಲ್ಲಿ ಕೈಗೆಟಕುವ ದೂರದಲ್ಲಿವೆ. ಒಂದು ದಿನದ ಶಾಲಾ ಪ್ರವಾಸಕ್ಕೆ ಇದಕ್ಕಿಂತ ಅನುಕೂಲವಾದ ಸೀಮೆ ಸಿಗುವುದು ಕಷ್ಟ.

ಒಂದು ಕಾಲದಲ್ಲಿ ಇಡೀ ಪ್ರವಾಸಕ್ಕೆ ಒಂದು ಕ್ಯಾಮೆರಾ, ಅದರೊಳಗೆ 36 ಚಿತ್ರಗಳ ಒಂದು ರೀಲು. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಮೇಷ್ಟ್ರು ಲೆಕ್ಕ ಹಾಕುತ್ತಿದ್ದರು. ಈಗ ಬಸ್ಸು ಶಾಲೆಯ ಗೇಟು ದಾಟುವುದರೊಳಗೆ 36 ಚಿತ್ರ ಮುಗಿದಿರುತ್ತವೆ. ತೆಗೆದ ಮರುಕ್ಷಣವೇ ಅವು ಊರೆಲ್ಲ ಹರಡಿರುತ್ತವೆ. ಹಾಗಾಗಿ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ತಂದೆತಾಯಿಯರೂ ಮೊಬೈಲು ಹಿಡಿದ ಮಕ್ಕಳೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಎಲ್ಲಿ ಫೋಟೊ ತೆಗೆಯಬಹುದು? ತೆಗೆದ ಫೋಟೊವನ್ನು ಏನು ಬೇಕಾದರೂ ಮಾಡಬಹುದೇ?

ನಮ್ಮ ದೇಶದಲ್ಲಿ ‘ಛಾಯಾಚಿತ್ರ ಕಾಯ್ದೆ’ ಎಂಬ ಒಂದೇ ಪುಸ್ತಕವಿಲ್ಲ. ನಿಯಮಗಳು ಹತ್ತಾರು ಕಾಯ್ದೆಗಳಲ್ಲಿ ಚದುರಿಹೋಗಿವೆ. ಆದರೆ ಅವೆಲ್ಲವನ್ನೂ ಮೂರು ಪ್ರಶ್ನೆಗಳಲ್ಲಿ ಹಿಡಿದಿಡಬಹುದು. ನನ್ನ ಕಾಲು ಎಲ್ಲಿದೆ? ಕ್ಯಾಮೆರಾದ ಮುಂದೆ ಇರುವುದು ಏನು, ಅಥವಾ ಯಾರು? ಈ ಚಿತ್ರ ಎಲ್ಲಿಗೆ ಹೋಗುತ್ತದೆ? ಈ ಮೂರನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕೂ ಊರುಗಳನ್ನು ಸುತ್ತೋಣ.

ಸಾವನದುರ್ಗದ ಬಂಡೆ

ಮೊದಲು ಮಾಗಡಿ. ಕೆಂಪೇಗೌಡರ ವಂಶದ ನೆನಪು ಹೊತ್ತ ಈ ಊರಿನ ಹತ್ತಿರದಲ್ಲೇ ಸಾವನದುರ್ಗವಿದೆ. ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದ ಈ ಬೆಟ್ಟದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಭಾಗ. ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಾಲಯಗಳು.

ಇಲ್ಲಿನ ಬೆಟ್ಟಗಳ ಚಿತ್ರ ತೆಗೆಯುವ ಕೆಲಸ ಕ್ಯಾಮೆರಾ ಹುಟ್ಟುವ ಮೊದಲೇ ಶುರುವಾಗಿತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನನ ಕೈಯಿಂದ ಸಾವನದುರ್ಗವನ್ನು ಕಿತ್ತುಕೊಂಡಿತು. ಆ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಇಲ್ಲಿನ ದುರ್ಗಗಳ ಚಿತ್ರ ಬರೆದ. 1794ರಲ್ಲಿ ಅವು ಪುಸ್ತಕವಾಗಿ ಅಚ್ಚಾದವು. ಇಂದು ನಮಗೆ ಅವು ಸುಂದರ ದೃಶ್ಯಗಳು. ಅಂದಿನ ಕೋಟೆ ಕಾಯುವವನಿಗಾದರೆ ಗೋಡೆ ಎಲ್ಲಿ ತಗ್ಗು, ದಾರಿ ಎಲ್ಲಿ ಕಡಿದು ಎಂದು ಶತ್ರುವಿಗೆ ತೋರಿಸುವ ನಕ್ಷೆಯಾಗಿಯೂ ಕಂಡಿರಬಹುದು. ‘ಇಲ್ಲಿ ಛಾಯಾಚಿತ್ರ ನಿಷೇಧಿಸಲಾಗಿದೆ’ ಎಂಬ ಫಲಕಗಳ ಹಿಂದಿರುವ ಭಯ ಇದೇ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸೇನೆಯ ನೆಲೆಗಳನ್ನು ನಿಷೇಧಿತ ಸ್ಥಳಗಳೆಂದು ಕರೆಯುತ್ತದೆ. ನೀರು, ವಿದ್ಯುತ್, ರೈಲುಮಾರ್ಗಗಳಂಥ ಕಾಮಗಾರಿಗಳನ್ನೂ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ ಹಾಗೆ ಘೋಷಿಸಬಹುದು. ದಾರಿಯಲ್ಲಿ ಅಣೆಕಟ್ಟು, ವಿದ್ಯುತ್ ಕೇಂದ್ರ ಸಿಕ್ಕಿದರೆ ಮೊದಲು ಫಲಕ ಓದಿ, ಆಮೇಲೆ ಕ್ಯಾಮೆರಾ ತೆಗೆಯಿರಿ.

ಸಾವನದುರ್ಗದ ಬಂಡೆಗೆ ಈಗ ಅಂಥ ಗುಟ್ಟಿಲ್ಲ. ಬಂಡೆಯನ್ನು ಯಾರೂ ರಚಿಸಿದ್ದಲ್ಲವಾದ್ದರಿಂದ ಅದಕ್ಕೆ ಕೃತಿಸ್ವಾಮ್ಯವೂ ಇಲ್ಲ. ಅರಣ್ಯದೊಳಗೆ ಹೋಗಲು, ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆಯೇ ಹೊರತು ಬಂಡೆಯ ಚಿತ್ರಕ್ಕೆ ಯಾರ ಒಪ್ಪಿಗೆಯೂ ಬೇಡ. ಕಟ್ಟಡಗಳ ಮಾತೂ ಹೆಚ್ಚುಕಡಿಮೆ ಹೀಗೆಯೇ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ವಾಸ್ತುಕೃತಿಯ ಫೋಟೊ ತೆಗೆದು ಪ್ರಕಟಿಸಿದರೆ ಅದು ಉಲ್ಲಂಘನೆಯಲ್ಲ ಎನ್ನುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪಕ್ಕೂ ಇದೇ ವಿನಾಯಿತಿ. ಊರ ವೃತ್ತದಲ್ಲಿರುವ ಕೆಂಪೇಗೌಡರ ಪ್ರತಿಮೆಯ ಚಿತ್ರವನ್ನು ಧೈರ್ಯವಾಗಿ ತೆಗೆಯಬಹುದು.

ಹಾಗಾದರೆ ಗರ್ಭಗುಡಿಯ ಮುಂದೆ ಅರ್ಚಕರು ಬೇಡ ಎಂದರೆ? ಅಲ್ಲಿ ಕೃತಿಸ್ವಾಮ್ಯದ ಪ್ರಶ್ನೆಯೇ ಇಲ್ಲ. ಇರುವುದು ಒಳಗೆ ಬಿಡುವವರ ಹಕ್ಕು. ದೇವಸ್ಥಾನವಿರಲಿ, ಅಂಗಡಿಯಿರಲಿ, ವಸ್ತುಸಂಗ್ರಹಾಲಯವಿರಲಿ, ಒಳಗೆ ಬರುವವರಿಗೆ ಷರತ್ತು ಹಾಕುವ ಅಧಿಕಾರ ಅದನ್ನು ನೋಡಿಕೊಳ್ಳುವವರಿಗಿದೆ. ನಮ್ಮ ಮೊದಲ ಪ್ರಶ್ನೆ ‘ಕಾಲು ಎಲ್ಲಿದೆ’ ಎನ್ನುವುದರ ಅರ್ಥ ಇದೇ.

ಗಬ್ಬರನ ಬೆಟ್ಟದಲ್ಲಿ ರಣಹದ್ದು

ಮಾಗಡಿಯಿಂದ ದಕ್ಷಿಣಕ್ಕೆ ಇಳಿದರೆ ರಾಮನಗರ. ರಮೇಶ್ ಸಿಪ್ಪಿಯವರ ‘ಶೋಲೆ’ ಚಿತ್ರೀಕರಣ 1973ರಲ್ಲಿ ಇಲ್ಲಿ ಆರಂಭವಾಯಿತು. 1975ರಲ್ಲಿ ಚಿತ್ರ ತೆರೆ ಕಂಡಿತು. ರಾಮದೇವರ ಬೆಟ್ಟದ ಬುಡದಲ್ಲಿ ‘ರಾಮ್‌ಗಢ’ವೆಂಬ ಹಳ್ಳಿಯೇ ಎದ್ದು ನಿಂತಿತ್ತು. 1984ರಲ್ಲಿ ತೆರೆಕಂಡ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೂ ಈ ಸೀಮೆಯ ಬಂಡೆಗಳೇ ಬೇಕಾದವು. ಇಂದಿಗೂ ಇಲ್ಲಿಗೆ ಬರುವ ಅಪ್ಪಂದಿರು ಮಕ್ಕಳಿಗೆ ಗಬ್ಬರ್‌ಸಿಂಗ್ ನಿಂತ ಬಂಡೆ ಯಾವುದೆಂದು ತೋರಿಸದೆ ಮುಂದೆ ಹೋಗುವುದಿಲ್ಲ!

ಆ ಬಂಡೆಯ ಫೋಟೊ ನಿಮ್ಮದು. ಸಿನಿಮಾದಿಂದ ಎತ್ತಿದ ದೃಶ್ಯ ಮಾತ್ರ ನಿಮ್ಮದಲ್ಲ. ‘ಶೋಲೆ’ಯನ್ನು ಅನುಸರಿಸಿ 2007ರಲ್ಲಿ ತೆಗೆದ ‘ರಾಮ್‌ಗೋಪಾಲ್ ವರ್ಮಾ ಕೀ ಆಗ್’ ಚಿತ್ರ ಕೃತಿಸ್ವಾಮ್ಯದ ಉಲ್ಲಂಘನೆ ಎಂದು 2015ರಲ್ಲಿ ದೆಹಲಿ ಹೈಕೋರ್ಟು 10 ಲಕ್ಷ ರೂಪಾಯಿ ದಂಡರೂಪದ ಪರಿಹಾರ ವಿಧಿಸಿತು. ‘ಶೋಲೆ’ ಎಂಬ ಹೆಸರನ್ನೇ ಅಂತರ್ಜಾಲದಲ್ಲಿ ಬಳಸಿಕೊಂಡವರಿಗೆ ಅದೇ ನ್ಯಾಯಾಲಯ 2022ರಲ್ಲಿ 25 ಲಕ್ಷ ರೂಪಾಯಿ ತೆರಲು ಹೇಳಿತು. ಬೆಟ್ಟ ಪ್ರಕೃತಿಯದು, ಬೆಟ್ಟದ ಮೇಲೆ ಕಟ್ಟಿದ ಕಥೆ ಕಟ್ಟಿದವರದು.

ಈಗ ಸಿನಿಮಾದವರು ಬಂದು ಇಲ್ಲಿ ಡೈನಮೈಟ್ ಸಿಡಿಸುತ್ತೇವೆಂದರೆ ಆಗುವುದಿಲ್ಲ. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು, ದೇಶದಲ್ಲೇ ಮೊದಲನೆಯದು. ವಿಸ್ತೀರ್ಣ 346 ಹೆಕ್ಟೇರ್. ಉದ್ದ ಕೊಕ್ಕಿನ ರಣಹದ್ದು ಇಲ್ಲಿನ ಕಡಿದಾದ ಬಂಡೆಯ ಗೂಡುಗಳಲ್ಲಿ ಮೊಟ್ಟೆಯಿಡುತ್ತದೆ. 1990ರ ದಶಕದಿಂದ ಭಾರತದಲ್ಲಿ ಈ ಜಾತಿಯ ಶೇಕಡಾ 90ಕ್ಕೂ ಹೆಚ್ಚು ಹಕ್ಕಿಗಳು ಇಲ್ಲವಾದವು. ದನಗಳಿಗೆ ನೋವು ಕಡಿಮೆಯಾಗಲೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಪಶುಗಳಿಗೆ ಈ ಔಷಧ ಕೊಡುವುದನ್ನು ಸರಕಾರ ನಿಷೇಧಿಸಿತು. ಈಗ ರಾಮನಗರದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ಇಲ್ಲಿ ಫೋಟೊ ಏಕೆ ದೊಡ್ಡ ವಿಷಯ ಎಂದು ಮಕ್ಕಳು ಕೇಳಬಹುದು. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸುಮಾರು 50 ದಿನ ತಂದೆತಾಯಿ ಸರದಿಯ ಮೇಲೆ ಕಾವು ಕೊಡುತ್ತವೆ. ಹತ್ತಿರದ ಚಿತ್ರ ಸಿಗಲೆಂದು ಯಾರೋ ಬಂಡೆಯಂಚಿಗೆ ಹೋದರೆ, ಹಕ್ಕಿ ಬೆದರಿ ಹಾರಿಹೋದರೆ, ಮೊಟ್ಟೆ ಬಿಸಿಲಿಗೋ ಕಾಗೆಗೋ ಬಲಿಯಾದರೆ ಆ ಜೋಡಿಯ ಇಡೀ ವರ್ಷ ಹೋಯಿತು. ಹತ್ತೇ ಜೋಡಿ ಇರುವ ಕಡೆ ಒಂದು ಮೊಟ್ಟೆಯೆಂದರೆ ಮುಂದಿನ ಪೀಳಿಗೆಯ ಹತ್ತನೇ ಒಂದು ಭಾಗ ಎಂಬ ಲೆಕ್ಕವನ್ನು ಏಳನೇ ತರಗತಿಯವರೂ ಮಾಡಬಲ್ಲರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದೆ. ಅದರ ಪ್ರಕಾರ ‘ಬೇಟೆ’ ಎಂದರೆ ಕೋವಿಯಿಂದ ಹೊಡೆಯುವುದಷ್ಟೇ ಅಲ್ಲ. ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ! ರಣಹದ್ದು ಅತಿ ಹೆಚ್ಚು ರಕ್ಷಣೆಯ ಮೊದಲ ಪರಿಶಿಷ್ಟದಲ್ಲಿರುವುದರಿಂದ ಅದರ ಬೇಟೆಗೆ 3ರಿಂದ 7 ವರ್ಷ ಸೆರೆವಾಸವಿದೆ. ಧಾಮದೊಳಗೆ ಫೋಟೊ ತೆಗೆಯಲು ಪ್ರವೇಶಿಸುವವರಿಗೆ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದು. 2022ರ ತಿದ್ದುಪಡಿಯ ನಂತರ ಇದಕ್ಕೆ ಸ್ಪಷ್ಟ ಷರತ್ತು ಸೇರಿದೆ: ಛಾಯಾಗ್ರಹಣವಾಗಲಿ ಚಲನಚಿತ್ರವಾಗಲಿ, ಪ್ರಾಣಿಗಳ ನೆಲೆಯಲ್ಲಿ ಬದಲಾವಣೆ ಮಾಡಕೂಡದು, ಅವುಗಳಿಗೆ ಕೆಡುಕಾಗಕೂಡದು.

ಹಾಗೆಂದು ನಿರಾಶರಾಗಬೇಕಿಲ್ಲ. ಬೆಳಕಿನ ಪಾಠ ಇಲ್ಲಿ ನೆರವಿಗೆ ಬರುತ್ತದೆ. ದೂರದ ವಸ್ತುವಿನ ಬಿಂಬದ ಗಾತ್ರ ಮಸೂರದ ನಾಭಿದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 50 ಮಿ.ಮೀ. ಮಸೂರದ ಬದಲು 400 ಮಿ.ಮೀ. ಮಸೂರ ಹಾಕಿದರೆ ಬಿಂಬ ಎಂಟು ಪಟ್ಟು. 400 ಮೀಟರ್ ದೂರದ ಹಕ್ಕಿ 50 ಮೀಟರಿನಲ್ಲಿ ಕುಳಿತಂತೆ ಕಾಣುತ್ತದೆ. ಅಷ್ಟು ಬೆಲೆಯ ಮಸೂರ ಇಲ್ಲದವರು ಶಾಲೆಯ ಬೈನಾಕ್ಯುಲರ್ ಒಯ್ದು ಕಣ್ಣು ತುಂಬ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳಬಹುದು.

ಡ್ರೋನ್ ಹಾರಿಸುವ ಹುಡುಗರಿಗೂ ಒಂದು ಮಾತು. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿವೆ. 250 ಗ್ರಾಂ ಮೀರದ ‘ನ್ಯಾನೊ’ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ ಎಂಬುದು ನಿಜ. ಆದರೆ ಆ ರಿಯಾಯಿತಿ ವನ್ಯಜೀವಿ ಕಾಯ್ದೆಯಿಂದ ಬಿಡುಗಡೆ ಕೊಡುವುದಿಲ್ಲ. ಗೂಡಿನ ಮುಂದೆ ಗುಂಯ್‌ಗುಡುವ ಯಂತ್ರ ಎಷ್ಟು ಗ್ರಾಂ ಎಂದು ಹದ್ದು ತೂಗಿ ನೋಡುತ್ತದೆಯೇ?

ರಾಮನಗರದಲ್ಲಿ ಇನ್ನೂ ಎರಡು ತಾಣಗಳಿವೆ. ಒಂದು, ರೈಲುಹಳಿ. ಬೆಂಗಳೂರು–ಮೈಸೂರು ಮಾರ್ಗದ ಹಳಿಯ ಮೇಲೆ ನಿಂತು ಸೆಲ್ಫಿ ತೆಗೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಸೆರೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರೈಲು ಬಂದರೆ ತೆರಬೇಕಾದ ದಂಡವೇ ಬೇರೆ.

ಇನ್ನೊಂದು, ರೇಷ್ಮೆಗೂಡಿನ ಮಾರುಕಟ್ಟೆ. ಹಳದಿ, ಬಿಳಿ ಗೂಡುಗಳ ರಾಶಿಯ ಹಿಂದೆ ಕುಳಿತ ರೈತನ ಮುಖ ಯಾವ ಛಾಯಾಗ್ರಾಹಕನನ್ನೂ ಸೆಳೆಯುತ್ತದೆ. ಗೂಡಿನ ಬೆಲೆ ಕುಸಿಯಿತೆಂಬ ಸುದ್ದಿಯ ಜೊತೆ ಆ ಚಿತ್ರ ಪತ್ರಿಕೆಯಲ್ಲಿ ಬಂದರೆ ತಪ್ಪಿಲ್ಲ. ಅದೇ ಮುಖವನ್ನು ಸಾಲ ಕೊಡುವ ಕಂಪನಿಯೊಂದು ತನ್ನ ಜಾಹೀರಾತಿಗೆ ಹಾಕಿಕೊಳ್ಳಬೇಕಾದರೆ ರೈತನ ಒಪ್ಪಿಗೆ ಬೇಕು. 1994ರ ರಾಜಗೋಪಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಬ್ಬರ ಹೆಸರು ಅಥವಾ ರೂಪವನ್ನು ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಅವರ ಖಾಸಗಿತನಕ್ಕೆ ಧಕ್ಕೆ ಎಂದು ಉದಾಹರಣೆಯಾಗಿಯೇ ಹೇಳಿದೆ. ಚಿತ್ರ ಒಂದೇ, ಅದು ಹೋಗುವ ಜಾಗ ಬೇರೆಯಾದರೆ ಕಾನೂನೂ ಬೇರೆ.

ಗೊಂಬೆ ಅಂಗಡಿ ಮತ್ತು ಸ್ಟುಡಿಯೊ

ಅಲ್ಲಿಂದ ಮೈಸೂರಿನ ಕಡೆಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತದೆ. ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆಯನ್ನು ನಾನು ಕಂಡಿಲ್ಲ.

ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋದಾಗ ಹಿರಿಯ ಕೆಲಸಗಾರರೊಬ್ಬರು ಹೇಳಿದ ಮಾತು: “ನನ್ನ ಫೋಟೊ ಎಷ್ಟಾದ್ರೂ ತಗೊಳ್ಳಿ ಸಾರ್, ಆ ಮೂಲೇಲಿರೋ ಹೊಸಾ ಗೊಂಬೇದು ಮಾತ್ರ ಬೇಡಿ. ನಾಳೆ ಅದನ್ನ ನೋಡ್ಕೊಂಡು ಬೇರೆ ಕಡೆ ಮಿಷಿನ್ನಲ್ಲಿ ಹೊಡೀತಾರೆ.” ಅದು ಹೊಟ್ಟೆಪಾಡಿನ ಮಾತು, ಕಾನೂನಿನ ಮಾತೂ ಹೌದು. ಶಿಲ್ಪದ ಫೋಟೊಗೆ ಇರುವ ವಿನಾಯಿತಿ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಇರುವುದಕ್ಕೆ ಮಾತ್ರ. ಇವತ್ತು ಕಪಾಟಿನಲ್ಲಿದ್ದು ನಾಳೆ ಮಾರಾಟವಾಗುವ ಗೊಂಬೆಗೆ ಅದು ಅನ್ವಯಿಸದು. ಹೊಸ ಆಕಾರವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಲೂಬಹುದು. ‘ಚನ್ನಪಟ್ಟಣದ ಗೊಂಬೆ’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ನೋಂದಣಿಯ ರಕ್ಷಣೆಯೂ ಇದೆ. ಇಲ್ಲಿ ತೆಗೆದ ಚಿತ್ರವನ್ನು ಅಂಟಿಸಿ ಎಲ್ಲೋ ತಯಾರಾದ ಪ್ಲಾಸ್ಟಿಕ್ ಆಟಿಕೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ.

ಇಂಥ ಊರುಗಳ ಪೇಟೆಬೀದಿಯಲ್ಲಿ ಫೋಟೊ ಸ್ಟುಡಿಯೊ ಇದ್ದೇ ಇರುತ್ತದೆ. ಗಾಜಿನ ಷೋಕೇಸಿನಲ್ಲಿ ಯಾರದೋ ಮದುವೆ, ಯಾರದೋ ಮಗುವಿನ ನಾಮಕರಣ. ಆ ಚಿತ್ರಗಳು ಯಾರ ಸ್ವತ್ತು? ಬಹಳ ಮಂದಿ ಸ್ಟುಡಿಯೊದವರದು ಎಂದೇ ತಿಳಿದಿದ್ದಾರೆ. ಸಾಮಾನ್ಯ ನಿಯಮದಂತೆ ಫೋಟೊದ ಕರ್ತೃ ಅದನ್ನು ತೆಗೆದವರು. ಕೃತಿಸ್ವಾಮ್ಯ ಅವರದು, ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ. ಆದರೆ 17ನೇ ಕಲಂ ಒಂದು ಅಪವಾದ ಹೇಳುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು! ಮಗಳ ಮದುವೆಗೆ ದುಡ್ಡು ಕೊಟ್ಟು ಆಲ್ಬಂ ಮಾಡಿಸಿದ ತಂದೆ, ‘ಷೋಕೇಸಿನಲ್ಲಿ ಹಾಕಬೇಡಿ’ ಎಂದು ಹೇಳಲು ಹಿಂಜರಿಯಬೇಕಿಲ್ಲ. ಕೊಟ್ಟ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಎಂಬುದನ್ನು ಮಾತ್ರ ಓದಿಕೊಳ್ಳಬೇಕು.

ಮೇ ತಿಂಗಳು ಬಂತೆಂದರೆ ಪೇಟೆಬೀದಿಗಳಲ್ಲಿ ಇನ್ನೊಂದು ಬಗೆಯ ಚಿತ್ರಗಳು ತೂಗುತ್ತವೆ: ಫಲಿತಾಂಶದ ಫ್ಲೆಕ್ಸುಗಳು. ನನ್ನ ಶಿಷ್ಯೆಯೊಬ್ಬಳ ಮುಖ ಅವಳು ಎಂದೂ ಕಾಲಿಡದ ಟ್ಯೂಷನ್ ಕೇಂದ್ರವೊಂದರ ಫ್ಲೆಕ್ಸಿನಲ್ಲಿ ಕಾಣಿಸಿತು. ಶಾಲೆಯ ಗ್ರೂಪ್ ಫೋಟೊದಿಂದ ಕತ್ತರಿಸಿ ತೆಗೆದಿದ್ದರು. ಅವಳ ತಂದೆ ಹೋಗಿ ಕೇಳಿದರೆ, “ನಿಮ್ಮ ಮಗಳಿಗೇ ಹೆಸರು ಬಂತಲ್ಲ ಸ್ವಾಮಿ!” ಎಂಬ ಉತ್ತರ. ಅವರು ಬರಹದಲ್ಲಿ ದೂರು ಕೊಡುತ್ತೇನೆಂದ ಮೇಲೆ ಫ್ಲೆಕ್ಸು ಇಳಿಯಿತು. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. ವಿದ್ಯಾರ್ಥಿಯ ಹೆಸರು, ಫೋಟೊ ಬಳಸಲು ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಸೇರುವಾಗಲೇ ಬರೆಸಿಕೊಳ್ಳುವಂತಿಲ್ಲ, ವಿದ್ಯಾರ್ಥಿ ಯಶಸ್ಸು ಪಡೆದ ಮೇಲೆಯೇ ಪಡೆಯಬೇಕು. ಪ್ರವೇಶದ ಅರ್ಜಿಯೊಳಗೆ ಅಂಥ ಸಾಲು ಕಂಡರೆ ತಂದೆತಾಯಿಯರು ಧಾರಾಳವಾಗಿ ಪ್ರಶ್ನಿಸಬಹುದು.

ಸಂಗಮದ ನೀರಿನಲ್ಲಿ

ಕೊನೆಯದು ಕನಕಪುರ. ಊರಿನಿಂದ ಮೂವತ್ತು ಮೂವತ್ತೈದು ಕಿಲೋಮೀಟರ್ ಹೋದರೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ. ಅಲ್ಲಿಂದ ನಾಲ್ಕು ಕಿಲೋಮೀಟರ್ ಮುಂದೆ ಮೇಕೆದಾಟು. ಇಲ್ಲಿ ಕಾವೇರಿ ಕಿರಿದಾದ ಕಲ್ಲಿನ ಕಂದರದಲ್ಲಿ ನುಗ್ಗುತ್ತದೆ. ಚಿತ್ರಕ್ಕಾಗಿ ಬಂಡೆಯಂಚಿಗೆ ಹೋಗಿ ಜಾರಿ ಜೀವ ಕಳೆದುಕೊಂಡವರಿದ್ದಾರೆ. ಇದಕ್ಕೆ ಯಾವ ಕಾಯ್ದೆಯ ಕಲಮೂ ಬೇಕಿಲ್ಲ.

ಸುತ್ತಲಿನ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ರಾಮದೇವರ ಬೆಟ್ಟದ ನಿಯಮಗಳೇ ಇಲ್ಲಿಯೂ. ಆನೆ ಕಂಡರೆ ಕೂಗಿ, ಹಾರ್ನ್ ಹೊಡೆದು ಅದನ್ನು ಈ ಕಡೆ ತಿರುಗಿಸುವ ಚಾಳಿ ಕೆಲವರಿಗಿದೆ. ಧಾಮದಲ್ಲಿ ಪ್ರಾಣಿಯನ್ನು ಕೆಣಕುವುದೂ ಕಸ ಎಸೆಯುವುದೂ ಅಪರಾಧವೆಂದು 27ನೇ ಕಲಂ ಒಂದೇ ಉಸಿರಿನಲ್ಲಿ ಹೇಳಿದೆ.

ಸಂಗಮದಲ್ಲಿ ಜನ ಸ್ನಾನ ಮಾಡುತ್ತಾರೆ. ಹೆಂಗಸರು ಒದ್ದೆ ಬಟ್ಟೆ ಬದಲಿಸಲು ಬಂಡೆಯ ಮರೆ ಹುಡುಕುತ್ತಾರೆ. ‘ಸಾರ್ವಜನಿಕ ಜಾಗವಲ್ಲವೇ, ತೆಗೆದರೆ ಏನು?’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಇ ಕಲಂ, ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹರಡುವುದು ಅಪರಾಧವೆನ್ನುತ್ತದೆ. ಜಾಗ ಸಾರ್ವಜನಿಕವೋ ಖಾಸಗಿಯೋ ಎಂಬುದು ಮುಖ್ಯವಲ್ಲ ಎಂದೂ ಅದೇ ಕಲಮಿನ ವಿವರಣೆಯಲ್ಲಿದೆ. ಮೂರು ವರ್ಷದವರೆಗೆ ಸೆರೆಯುಂಟು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಮರೆಯಲ್ಲಿರುವ ಹೆಣ್ಣುಮಗಳನ್ನು ಕದ್ದು ನೋಡುವುದನ್ನೂ ಚಿತ್ರ ತೆಗೆಯುವುದನ್ನೂ ಶಿಕ್ಷಿಸುತ್ತದೆ. ಇಂಥ ಚಿತ್ರ ಮೊಬೈಲಿಗೆ ಬಂದರೆ ‘ನಾನು ತೆಗೆದದ್ದಲ್ಲ’ ಎಂದು ಮುಂದೆ ಕಳಿಸುವ ಹುಡುಗನೂ ಕಾನೂನಿನ ಕಣ್ಣಿನಿಂದ ತಪ್ಪಿಸಿಕೊಳ್ಳಲಾರ. ಗಂಡುಮಕ್ಕಳ ತಂದೆತಾಯಿಯರು ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕನ್ನಡಿಗರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಅವರು ಈ ಹೋರಾಟಕ್ಕೆ ಇಳಿದಿದ್ದರು ಎಂಬುದನ್ನು ಮಕ್ಕಳಿಗೆ ತಿಳಿಸಬೇಕು. ಮನುಷ್ಯ ಮನೆಯಿಂದ ಹೊರಗೆ ಬಂದ ಮಾತ್ರಕ್ಕೆ ತನ್ನ ಖಾಸಗಿತನವನ್ನು ಹೊಸ್ತಿಲಲ್ಲೇ ಬಿಟ್ಟು ಬರುವುದಿಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ಆಲ್ಬಂ ಮಾಡುವಾಗ

ಪ್ರವಾಸ ಮುಗಿದ ಮೇಲೆ ಪ್ರಾಜೆಕ್ಟ್ ಪುಸ್ತಕದ ಸರದಿ. ನಮಗೆ ಸಿಗದ ರಣಹದ್ದಿನ ಚಿತ್ರವನ್ನು ಯಾವುದೋ ಪುಸ್ತಕದಿಂದ ಅಂಟಿಸಬಹುದೇ? ಅಂಟಿಸಬಹುದು. ಪಾಠದ ಸಲುವಾಗಿ ಶಿಕ್ಷಕರೋ ವಿದ್ಯಾರ್ಥಿಯೋ ಕೃತಿಯನ್ನು ಪ್ರತಿ ಮಾಡಿಕೊಳ್ಳಲು 52ನೇ ಕಲಂ ಅವಕಾಶ ಕೊಟ್ಟಿದೆ. ಆದರೆ ಅದೇ ಚಿತ್ರವನ್ನು ಶಾಲೆಯ ಮಾರಾಟದ ಸ್ಮರಣ ಸಂಚಿಕೆಗೋ ಸ್ಪರ್ಧೆಗೋ ಕೊಡುವಾಗ ತೆಗೆದವರ ಒಪ್ಪಿಗೆ ಬೇಕು. ಚಿತ್ರದ ಕೆಳಗೆ ಅವರ ಹೆಸರು ಹಾಕುವುದನ್ನು ಎಂದೂ ಮರೆಯಬಾರದು. ಹಕ್ಕನ್ನು ಮಾರಿದ ಮೇಲೂ ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ 57ನೇ ಕಲಮಿನಡಿ ಉಳಿದಿರುತ್ತದೆ.

ಶಾಲೆಗಳೂ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿಸುವುದು ಲೇಸು: ಮಗುವಿನ ಚಿತ್ರವನ್ನು ಸೂಚನಾ ಫಲಕಕ್ಕೆ, ವಾರ್ಷಿಕ ಸಂಚಿಕೆಗೆ, ಪ್ರಚಾರಕ್ಕೆ ಇವುಗಳಲ್ಲಿ ಯಾವುದಕ್ಕೆ ಬಳಸಬಹುದು ಎಂದು ಬೇರೆ ಬೇರೆಯಾಗಿ ಕೇಳುವ ಸಾಲು. ಮಗು ಯಾವುದಾದರೂ ಅಪರಾಧಕ್ಕೆ ತುತ್ತಾದಾಗ ಅದರ ಗುರುತು ತಿಳಿಯುವಂಥ ಚಿತ್ರ ಪ್ರಕಟಿಸುವುದನ್ನು 2012ರ ಪೋಕ್ಸೊ ಕಾಯ್ದೆ ಮತ್ತು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿವೆ. ‘ನ್ಯಾಯ ಸಿಗಲಿ’ ಎಂಬ ಸದುದ್ದೇಶದಿಂದ ಹಂಚಿದರೂ ಅದು ತಪ್ಪೇ.

ಹೊರಡುವವರಿಗೆ ಒಂದಿಷ್ಟು ಮಾಹಿತಿ. ರಾಮನಗರ ಬೆಂಗಳೂರಿನಿಂದ ಸುಮಾರು 50 ಕಿ.ಮೀ., ಚನ್ನಪಟ್ಟಣ 60 ಕಿ.ಮೀ.; ಎರಡಕ್ಕೂ ರೈಲಿದೆ. ಮಾಗಡಿ, ಕನಕಪುರಕ್ಕೆ ಬಸ್ಸು. ನಾಲ್ಕನ್ನೂ ಒಂದೇ ದಿನ ಓಡಿಕೊಂಡು ನೋಡುವುದು ಬೇಡ, ಎರಡು ಪ್ರವಾಸ ಮಾಡಿ. ರಣಹದ್ದು ನೋಡಲು ಬೆಳಗಿನ ಬಿಸಿಲೇರುವ ಹೊತ್ತು ಒಳ್ಳೆಯದು. ಕಾದ ಬಂಡೆಯಿಂದ ಬಿಸಿಗಾಳಿ ಮೇಲೇಳುವಾಗ ಅದರ ಮೇಲೇರಿ ಅವು ರೆಕ್ಕೆ ಬಡಿಯದೆ ಸುತ್ತುತ್ತವೆ. ಮೆಟ್ಟಿಲ ದಾರಿಯಲ್ಲೇ ನಿಂತು, ಸದ್ದು ಮಾಡದೆ, ತಲೆಯೆತ್ತಿ ನೋಡಿ. ಚಿತ್ರ ಸಣ್ಣದಾಗಿ ಬಂದರೆ ಬರಲಿ, ಮುಂದಿನ ವರ್ಷ ಹೋಗುವ ಮಕ್ಕಳಿಗೂ ಅವು ಕಾಣಬೇಕು.